ಜನವರಿ ಒಂದರ ಹುಟ್ಟುಹಬ್ಬ

"ಎಂಟು!"

ರೇಷ್ಮಾ ಕೂಗಿದ ರಭಸಕ್ಕೆ ಚಿಕ್ಕನರಗುಂದದ ಕೋಳಿಗಳೆಲ್ಲ ಹಾರಿ ಮಾಳಿಗೆ ಏರಿದವು. ಅತ್ತ ನರಗುಂದದ ಗುಡ್ಡ ಬೆಚ್ಚಿಬಿದ್ದು ಒಂದು ಗೇಣು ಹಿಂದೆ ಸರಿಯಿತು. ಸರಿಯಲಿಲ್ಲ ಅನ್ನುವವರು ಅಳತೆಪಟ್ಟಿ ತಂದು ನೋಡಿಕೊಳ್ಳಲಿ.

"ಎಂಟ ಹೆಸರ ಆದ್ವು ನಂದು! ನಿಂದ ಎಷ್ಟಲೇ ಸಿದ್ದ್ಯಾ?"

ಶಾಲೆಯ ಕಟ್ಟೆಯ ಮೇಲೆ ಕುಳಿತು ಸಿದ್ದಾರೂಢ ಹುರಿದ ಶೇಂಗಾ ಸುಲಿಯುತ್ತಿದ್ದ. ಐದನೇ ಕ್ಲಾಸಿನಲ್ಲಿ ರೇಷ್ಮಾಳ ಪಕ್ಕದ ಸಾಲು ಅವನದು. ತಲೆ ಎತ್ತದೆ ಅಂದ, "ಒಂಬತ್ತು."

"ಸುಳ್ಳ!"

"ನಮ್ಮ ದೊಡ್ಡಪ್ಪನ ಮಕ್ಳ ಮೂರ ಮಂದಿ ಅದಾರ. ನಿನಗ ಯಾರದಾರ? ಹೋಗ, ನಿಮ್ಮ ಎಮ್ಮಿ ಹೆಸರ ಬರಿ."

ಈ ಹೆಸರಿನ ಓಟ ಶುರುವಾಗಿ ಹತ್ತು ದಿನವಾಗಿತ್ತು. ನರಗುಂದದ 'ನಾಳೆಯ ಧ್ವನಿ' ಯುವ ವೇದಿಕೆಯವರು ಶಾಲೆಗೆ ಬಂದಿದ್ದರು. ಅವರ ಮುಖಂಡ ಅನಿಲಕುಮಾರ. ಅವನ ಬಿಳಿ ಅಂಗಿಯ ಇಸ್ತ್ರಿ ಎಷ್ಟು ಚೂಪಾಗಿತ್ತೆಂದರೆ, ತೋಳಿನ ಮಡಿಕೆಯಲ್ಲಿ ಸೌತೆಕಾಯಿ ಹೆಚ್ಚಬಹುದಿತ್ತು.

"ಈ ದೇಶ ಹುಡುಗರ ದೇಶ," ಅಂದಿದ್ದ ಅನಿಲಕುಮಾರ. "ಆದ್ರ ರಾಜಕೀಯ ಮಾಡಾವ್ರು ಯಾರು? ಮುದುಕ್ರು! ಯಾಕ? ನಮ್ಮ ಹುಡುಗ್ರು ಓಟರ್ ಲಿಸ್ಟಿನಾಗ ಹೆಸರ ಹಚ್ಚಂಗಿಲ್ಲ. ನಿಮಗ ಇನ್ನೂ ಓಟಿಲ್ಲ, ಖರೇ. ಆದ್ರ ನಿಮ್ಮ ಮನ್ಯಾಗ, ನಿಮ್ಮ ಓಣ್ಯಾಗ ಹದಿನೆಂಟು ತುಂಬಿದವ್ರು ಅದಾರಲಾ? ಅವರ ಹೆಸರ ತರ್ರಿ. ಆಧಾರ್ ಝೆರಾಕ್ಸು, ಒಂದ ಫೋಟೋ, ಅರ್ಜಿ ಮ್ಯಾಲ ಸಹಿ. ಎಲ್ಲಾರಕಿಂತ ಭಾಳ ಹೆಸರ ತಂದವ್ರಿಗೆ ನೀಲಿ ಬಿಲ್ಲೆ. ಮತ್ತ ದಿಲ್ಲಿಗೆ ಕರಕೊಂಡ ಹೋಗಿ ಸಂಸತ್ ಭವನ ತೋರಸ್ತೀವಿ!"

ಅಂದು ಸಂಜೆಯೊಳಗೆ ರೇಷ್ಮಾ ದಿಲ್ಲಿಗೆ ಹೋಗಿ ತಿರುಗಿ ಬಂದೂ ಬಿಟ್ಟಿದ್ದಳು, ಬಾಯಲ್ಲಿ. ನಳದ ಹತ್ತಿರ ಕೊಡ ಹಿಡಿದು ನಿಂತವರಿಗೆಲ್ಲ ಸಂಸತ್ ಭವನದ ಕಂಬಗಳನ್ನು ಎಣಿಸಿ ಹೇಳಿದಳು. ಮೊದಲು ನೂರು ಅಂದಳು. ಯಾರೂ ಬೆರಗಾಗಲಿಲ್ಲ ಅಂತ ಸಾವಿರ ಮಾಡಿದಳು.

ಎಂಟನೇ ಹೆಸರಿನ ಝೆರಾಕ್ಸ್ ತೆಗೆಸಲು ಅವಳು ರಮಜಾನಬಿಯ ಅಂಗಡಿಗೆ ಓಡಿದಳು. ಊರಿಗೆಲ್ಲ ಅದೊಂದೇ ಝೆರಾಕ್ಸ್ ಮಷಿನ್. ಕಾಗದ ನುಂಗುವಾಗ ಅದು ಹೊಡೆಯುವ ಗೊರಕೆ ಅತ್ತ ಬೆಳವಣಕಿ ಊರಿಗೂ ಕೇಳುತ್ತಿತ್ತು.

ಕಾಗದಗಳನ್ನು ಜೋಡಿಸುತ್ತಿದ್ದ ರೇಷ್ಮಾ ಒಮ್ಮೆಲೇ ಕಣ್ಣರಳಿಸಿದಳು. "ರಮಜಾನಬಿ ಚಿಗವ್ವಾ, ಇಲ್ನೋಡ! ಎಂಟ ಮಂದ್ಯಾಗ ಐದ ಮಂದಿ ಜನವರಿ ಒಂದನೇ ತಾರೀಖಿಗೆ ಹುಟ್ಯಾರ!"

"ನಾನೂ ಅವತ್ತ ಹುಟ್ಟೇನಿ," ಅಂದಳು ರಮಜಾನಬಿ.

"ಒಂದ ದಿನಕ್ಕ ಊರಿಗೂರ ಹುಟ್ಟಿದ್ರ ಸೂಲಗಿತ್ತಿ ಊಟ ಯಾವಾಗ ಮಾಡಿದ್ಲು?"

ರಮಜಾನಬಿ ನಕ್ಕಳು. "ಆಧಾರ್ ಕ್ಯಾಂಪ್ ಬಂದಾಗ ಹುಟ್ಟಿದ ದಿನ ಕೇಳಿದ್ರವಾ. ಒಬ್ಬಾಕಿ ಜೋಳ ಕೊಯ್ಯೂವಾಗ ಅಂದ್ಲು. ಇನ್ನೊಬ್ಬಾಕಿ ಹುಣ್ಣಿವಿ ಮರುದಿನ ಅಂದ್ಲು. ಕಂಪ್ಯೂಟರ್ ಮುಂದ ಕುಂತ ಹುಡುಗಗ ಜೋಳ ಗೊತ್ತಿಲ್ಲ, ಹುಣ್ಣಿವಿ ಗೊತ್ತಿಲ್ಲ. ವರ್ಷ ಅಷ್ಟ ಕೇಳಿದ, ಎಲ್ಲಾರಿಗೂ ಜನವರಿ ಒಂದು ಒತ್ತಿಬಿಟ್ಟ."

ರೇಷ್ಮಾಳಿಗೆ ನಕ್ಕು ನಕ್ಕು ಹೊಟ್ಟೆ ಹಿಡಿಯಿತು. ಆ ನಗು ಒಂದು ವಾರ ಇತ್ತು ಅಂದರೂ ನಡೆದೀತು.

ಮರುದಿನ ಒಂಬತ್ತನೇ ಹೆಸರು ಸಿಕ್ಕಿತು. ಸಿದ್ದಾರೂಢನದೂ ಒಂಬತ್ತರಲ್ಲೇ ನಿಂತಿತ್ತು. ಹೆಸರು ಕೊಡಲು ಉಳಿದಿದ್ದು ಇನ್ನೆರಡೇ ದಿನ. ರೇಷ್ಮಾ ಊರ ಬಾಗಿಲುಗಳನ್ನೆಲ್ಲ ತಟ್ಟಿ ತಟ್ಟಿ ಬೆರಳು ಸವೆಸಿಕೊಂಡಳು. ಹತ್ತನೆಯವರು ಸಿಗಲಿಲ್ಲ.

ಆ ಸಂಜೆ ಪೆನ್ಸಿಲ್ ಕೆತ್ತುವುದನ್ನು ಹುಡುಕುತ್ತ ಅಕ್ಕನ ಟ್ರಂಕಿಗೆ ಕೈ ಹಾಕಿದಳು. ಅಕ್ಕ ಮಹೇಶ್ವರಿ ದಿನಾ ಬಸ್ಸಿನಲ್ಲಿ ನರಗುಂದಕ್ಕೆ ಹೋಗಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದಳು. ಅವಳ ಜೀವಶಾಸ್ತ್ರದ ಪುಸ್ತಕ ಸಾಣೆಕಲ್ಲಿನಷ್ಟು ಭಾರ. ಅದರೊಳಗಿಂದ ಒಂದು ಆಧಾರ್ ಕಾರ್ಡು ಜಾರಿ ಬಿತ್ತು.

ಮಹೇಶ್ವರಿ ಅಂತ ಹೆಸರು. ಕೆಳಗೆ ಹುಟ್ಟಿದ ದಿನ, ಜನವರಿ ಒಂದು. ರೇಷ್ಮಾ ಬೆರಳು ಮಡಚಿ ವರ್ಷ ಎಣಿಸಿದಳು.

"ಅಕ್ಕಾ! ನಿನಗ ಹದಿನೆಂಟ ತುಂಬ್ಯಾವ! ಮೊನ್ನಿ ಒಂದನೇ ತಾರೀಖಿಗೆ..."

ಮಹೇಶ್ವರಿ ಓಡಿ ಬಂದು ಅವಳ ಬಾಯಿ ಮುಚ್ಚಿದಳು.

"ಮೆಲ್ಲಕ! ಅದು ತಪ್ಪೈತಿ. ನಾ ಹುಟ್ಟಿದ್ದು ಎಳ್ಳಮಾಸಿ ಹಬ್ಬದ ದಿನ. ಅವ್ವ ಭೂಮಿತಾಯಿಗೆ ಚೆಲ್ಲೂ ಚರಗದ ಬುಟ್ಟಿ ಹೊತಗೊಂಡ ಹೊಲಕ್ಕ ಹೊಂಟಾಗ ಹೊಟ್ಟಿನೋವು ಬಂತಂತ. ಆ ಸಲ ಎಳ್ಳಮಾಸಿ ಡಿಸೆಂಬರ್ ಕಡೀಕ ಬಂದಿತ್ತು. ಸಾಲಿಗೆ ಹೆಸರ ಹಚ್ಚೂವಾಗ ಅವ್ವ ಹೋಗಿದ್ಲು, ಬರೋಬ್ಬರಿ ಬರಸಿದ್ಲು. ಆಧಾರಕ್ಕ ಹೋದಾಕಿ ನಮ್ಮ ಮುದುಕಿ ಆಯಿ. ಆಕಿ ವರ್ಷ ಅಷ್ಟ ಹೇಳಿ ಬಂದ್ಲು."

"ಹಂಗಂದ್ರ?"

"ಹಂಗಂದ್ರ, ಅದರ ಲೆಕ್ಕದಾಗ ನಾ ಹುಟ್ಟೂಕಿಂತ ಒಂದ ವರ್ಷ ಮೊದ್ಲ ಹುಟ್ಟೇನಿ. ಖರೇ ಅಂದ್ರ ನನಗ ಹದಿನೇಳು. ಮುಂದಿನ ಎಳ್ಳಮಾಸಿಗೆ ಹದಿನೆಂಟು."

ರೇಷ್ಮಾಳಿಗೆ ನಗು ಬಂತು. ಮಹೇಶ್ವರಿಗೆ ಬರಲಿಲ್ಲ.

"ಪರೀಕ್ಷಾ ಮುಗದ ಮ್ಯಾಲ ತಿದ್ದಸ್ತೀನಿ. ಅಲ್ಲೀತನಕ ಇದು ಯಾರ ಕಣ್ಣಿಗೂ ಬೀಳಬಾರದು. ಗಜೇಂದ್ರಗಡದ ಅತ್ತಿ ತಿಂಗಳಿಗೊಮ್ಮೆ ಯಾಕ ಬರ್ತಾಳ, ಗೊತ್ತೈತಿಲ್ಲೋ?"

ಗೊತ್ತಿತ್ತು. ಅತ್ತೆ ಅಂದರೆ ಅಪ್ಪನ ಅಕ್ಕ. ತನ್ನ ಮಗ ದುರಗೇಶನಿಗೆ ಮಹೇಶ್ವರಿಯನ್ನು ತಂದುಕೊಳ್ಳಬೇಕು ಅಂತ ಅವಳ ಹಟ. ಪ್ರತಿ ಸಲ ಅಪ್ಪ ಮೈಲಾರಪ್ಪ ಒಂದೇ ಮಾತು ಹೇಳುತ್ತಿದ್ದ: 'ಹದಿನೆಂಟ ತುಂಬೂತನಕ ಲಗ್ನ ಮಾಡಿದ್ರ ಪೊಲೀಸ್ರು ಬರ್ತಾರ ಯಕ್ಕಾ. ಎಳ್ಳಮಾಸಿ ತನಕ ತಡಿ.' ತನ್ನ ಅಕ್ಕನ ಸಿಟ್ಟಿಗೆ ಹೆದರುವ ಅಪ್ಪನಿಗೆ ಆ ಕಾಯ್ದೆಯೊಂದೇ ಗೋಡೆಯಾಗಿತ್ತು.

"ಎಳ್ಳಮಾಸಿ ತನಕ ತಡದ್ರ ಸಾಕು," ಅಂದಳು ಮಹೇಶ್ವರಿ. "ಅಷ್ಟರಾಗ ನಾ ನರ್ಸಿಂಗ್ ಕಾಲೇಜಿನಾಗ ಇರ್ತೀನಿ. ಒಮ್ಮಿ ಬಿಳಿ ಕೋಟ ಹಾಕ್ಕೊಂಡ ನಿಂತೆ ಅಂದ್ರ ಅಪ್ಪಗ ಬಿಡಸಾಕ ಮನಸ ಬರಂಗಿಲ್ಲ. ಯಾರಿಗೂ ಹೇಳಂಗಿಲ್ಲಂತ ಆಣಿ ಮಾಡ."

"ಎಮ್ಮಿ ಆಣಿ," ಅಂದಳು ರೇಷ್ಮಾ.

ಆಣೆ ಮಾಡಿದ ಬಾಯಿ ಸುಮ್ಮನಿತ್ತು. ಕೈ ಸುಮ್ಮನಿರಲಿಲ್ಲ.

ಯಾಕೆಂದರೆ ಮರುದಿನ ಬೆಳಿಗ್ಗೆ ಸಿದ್ದಾರೂಢ ಬೆರಳು ಕುಣಿಸುತ್ತ ಬಂದ. "ಸಂಜಿಕ ನಮ್ಮ ಕಾಕಾನ ಮಗ ರೋಣದಿಂದ ಬರ್ತಾನ. ಹತ್ತ ಆತು! ದಿಲ್ಲಿಯಿಂದ ನಿನಗೊಂದ ಪೆಪ್ಪರಮೆಂಟ್ ತರ್ತೀನಿ ತಗೋ."

ರೇಷ್ಮಾಳ ತಲೆಯೊಳಗೆ ಏಳು ಭಜನಾ ಮೇಳಗಳು ಒಟ್ಟಿಗೆ ತಾಳ ಕುಟ್ಟಿದವು. ಝೆರಾಕ್ಸ್ ಅಷ್ಟೇ ಅಲ್ಲವೇ? ಕಾರ್ಡು ಮರಳಿ ಪುಸ್ತಕದಲ್ಲೇ ಇರುತ್ತದೆ. ಅರ್ಜಿ ಹೋಗುವುದು ಆಫೀಸಿಗೆ. ಗಜೇಂದ್ರಗಡದ ಅತ್ತೆ ಆಫೀಸಿಗೆ ಹೋಗುತ್ತಾಳೆಯೇ? ಅಕ್ಕನಿಗೂ ಓಟು ಬಂದರೆ ಒಳ್ಳೆಯದೇ. ಮೈಮೇಲೆ ಬಿಳಿ ಕೋಟು, ಬೆರಳಿಗೆ ಓಟಿನ ಶಾಯಿ, ಎಷ್ಟು ಚೆಂದ!

ಅಕ್ಕ ಕಾಲೇಜಿಗೆ ಹೋದಳು. ಕಾರ್ಡು ಝೆರಾಕ್ಸ್ ಮಷಿನ್ನಿಗೆ ಹೋಯಿತು. ಟ್ರಂಕಿನ ಮೂಲೆಯಿಂದ ಒಂದು ಫೋಟೋ ಬಂತು. ಸಹಿ ಮಾಡುವುದೇನು ಮಹಾ, ಅಕ್ಕನ ಸಹಿಯನ್ನು ರೇಷ್ಮಾ ಅಕ್ಕನಿಗಿಂತ ಚಲೋ ಮಾಡುತ್ತಿದ್ದಳು.

ಬಸ್ ಸ್ಟ್ಯಾಂಡಿನ ಮುಂದೆ ಮೇಜು ಹಾಕಿಕೊಂಡು ಅನಿಲಕುಮಾರ ಅರ್ಜಿಗಳನ್ನು ತೆಗೆದುಕೊಳ್ಳುತ್ತಿದ್ದ.

"ಹತ್ತು! ಭಲೇ ತಂಗೀ! ಇದು ನಿಮ್ಮಕ್ಕ? ಸಹಿ ಆಕಿನ ಮಾಡ್ಯಾಳಲಾ?"

"ಹೌದ್ರಿ."

"ಮನ್ಯಾಗ ಎಲ್ಲಾರಿಗೂ ಗೊತ್ತೈತಲಾ?"

"ಹೂಂನ್ರಿ."

ಗುಡ್ಡ ಸರಿಸುವ ಆ ದನಿ ಆಗ ಇರುವೆಯ ದನಿಯಷ್ಟಾಗಿತ್ತು. ಅನಿಲಕುಮಾರ ತಲೆ ಎತ್ತಲಿಲ್ಲ. ಅವನು ಅರ್ಜಿಗಳನ್ನು ಎಣಿಸುತ್ತಿದ್ದ.

ರೋಣದ ಅಣ್ಣನಿಗೆ ಬಸ್ಸು ತಪ್ಪಿತು. ಸಿದ್ದಾರೂಢ ಒಂಬತ್ತಕ್ಕೇ ಉಳಿದ.

ಜನವರಿ ಇಪ್ಪತ್ತೈದಕ್ಕೆ ನರಗುಂದದಲ್ಲಿ ದೊಡ್ಡ ಸಭೆ. ಶಾಲೆಯ ಮಕ್ಕಳನ್ನು ಟೆಂಪೋದಲ್ಲಿ ತುಂಬಿ ಕರೆದುಕೊಂಡು ಹೋದರು. ಅಲ್ಲಿ ಲಕ್ಷ ಜನ ಇದ್ದರು. ಕುರ್ಚಿ ಮುನ್ನೂರೇ ಇದ್ದವು, ಅದರಲ್ಲೂ ಅರ್ಧ ಖಾಲಿ ಇದ್ದವು, ಅದು ಬೇರೆ ಮಾತು. ಅನಿಲಕುಮಾರ ಮೈಕಿನಲ್ಲಿ ಗುಡುಗಿದ, "ನೂರಾ ಒಂದು ಹೊಸ ಓಟರ್! ನೂರಾ ಒಂದು ಹೊಸ ಧ್ವನಿ! ಇನ್ನ ದಿಲ್ಲಿ ನಮ್ಮ ಮಾತ ಕೇಳಬೇಕು!"

ಆಮೇಲೆ ರೇಷ್ಮಾಳ ಹೆಸರು ಕರೆದ. ನೀಲಿ ಬಿಲ್ಲೆಯನ್ನು ಅಂಗಿಗೆ ಚುಚ್ಚಿದ. ಅದು ತಾಟಿನಷ್ಟು ದೊಡ್ಡದಿತ್ತು, ಚಂದ್ರನಷ್ಟು ಹೊಳೆಯುತ್ತಿತ್ತು. ರೇಷ್ಮಾ ಊರಿಗೆ ಮರಳುವ ದಾರಿಯುದ್ದಕ್ಕೂ ಎದೆ ಮುಂದೆ ಮಾಡಿ ನಿಂತೇ ಬಂದಳು.

ಟೆಂಪೋ ಬಸ್ ಸ್ಟ್ಯಾಂಡಿನಲ್ಲಿ ನಿಂತಿತು.

ಬೆಳಿಗ್ಗೆ ಅಲ್ಲಿ ಇಲ್ಲದಿದ್ದ ಒಂದು ಫ್ಲೆಕ್ಸ್ ಈಗ ಇತ್ತು. ಮನೆಯಷ್ಟು ಎತ್ತರ. 'ದೇಶದ ನಾಳೆಯನ್ನು ಬರೆಯುವ ಕೈಗಳು' ಅಂತ ದೊಡ್ಡ ಅಕ್ಷರ. ಕೆಳಗೆ ಊರಿನ ಹೊಸ ಓಟರುಗಳ ಮುಖಗಳು. ಎರಡನೇ ಸಾಲಿನಲ್ಲಿ ಅಕ್ಕ ಇದ್ದಳು. ರೊಟ್ಟಿ ಹಂಚಿನಷ್ಟು ದೊಡ್ಡ ಮುಖ. ಅದರ ಕೆಳಗೆ 'ಮಹೇಶ್ವರಿ, ವಯಸ್ಸು 18.'

"ಲೇ, ನಿಮ್ಮಕ್ಕ!" ಅಂದ ಸಿದ್ದಾರೂಢ.

ರೇಷ್ಮಾ ಟೆಂಪೋದಿಂದ ಜಿಗಿದಳು. ಮನೆಯ ಕಡೆ ಓಡಿದಳು.

ಬಾಗಿಲಲ್ಲಿ ಅತ್ತೆಯ ಚಪ್ಪಲಿ ಇದ್ದವು.

ಅತ್ತೆ ನಡುಮನೆಯಲ್ಲಿ ಕುಳಿತು ಮೊಬೈಲನ್ನು ಅಪ್ಪನ ಮೂಗಿನ ಮುಂದೆ ಹಿಡಿದಿದ್ದಳು. ಅದರಲ್ಲಿ ಫ್ಲೆಕ್ಸಿನ ಫೋಟೋ ಇತ್ತು.

"ಬಸ್ ಇಳದ ಕೂಡ್ಲೆ ಕಣ್ಣಿಗೆ ಬಿತ್ತು ತಮ್ಮಾ! ಕಾಯ್ದೆ ಕಾಯ್ದೆ ಅಂತ ನನ್ನ ವರ್ಷಗಟ್ಲೆ ತಿರುಗಾಡಿಸಿದಿ. ಈಗ ನೋಡ, ಊರ ತುಂಬ ಬೋರ್ಡ್ ಹಚ್ಯಾರ, ಹುಡುಗಿಗೆ ಹದಿನೆಂಟಂತ. ಮನಿ ಮಂದಿ ಮುಂದನ ಸುಳ್ಳ ಹೇಳ್ತಿಯೇನ?"

"ಯಕ್ಕಾ, ನನಗ ಖರೇವಂದ್ರೂ ಗೊತ್ತಿಲ್ಲ," ಅಂದ ಅಪ್ಪ. ಮಹೇಶ್ವರಿಯ ಕಡೆ ತಿರುಗಿದ. "ಆಧಾರ್ ತಗೊಂಡ ಬಾರವಾ."

ಮಹೇಶ್ವರಿ ತಂದಳು. ಅಪ್ಪ ಅದನ್ನು ಬಹಳ ಹೊತ್ತು ನೋಡಿದ.

ಅವ್ವ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದಳು. "ಎಳ್ಳಮಾಸಿ ದಿನ ಹಡದಾಕಿ ನಾನ. ನನಗ ಗೊತ್ತಿಲ್ಲೇನ್ರಿ? ಸಾಲಿ ಸರ್ಟಿಫಿಕೇಟ ನೋಡ್ರಿ ಬೇಕಾರ."

"ಸಾಲಿ ಮಾಸ್ತರ ಬರದದ್ದು ದೊಡ್ಡದೋ, ಸರಕಾರದ ಕಾರ್ಡ ದೊಡ್ಡದೋ?" ಅಂದಳು ಅತ್ತೆ. "ಓಟ ಹಾಕಾಕ ದೊಡ್ಡಾಕಿ ಆಗ್ಯಾಳ, ನನ್ನ ಮನಿಗೆ ಬರಾಕ ಸಣ್ಣಾಕೇನ?"

ಮೂಲೆಯಲ್ಲಿದ್ದ ಆಯಿ, ಅಪ್ಪನ ತಾಯಿ ಸಕ್ಕೂಬಾಯಿ, ಮೆಲ್ಲಗೆ ಅಂದಳು, "ನಾ ವರ್ಷ ಅಷ್ಟ ಹೇಳಿದ್ದೆ. ದಿನ ಕೇಳಿದ್ರ ಹೇಳ್ತಿದ್ದೆ. ಕೇಳಲಿಲ್ಲ ಅವ."

ಆಯಿಯ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಅಪ್ಪನ ಕಾಯ್ದೆಯ ಗೋಡೆ ಬಿದ್ದಿತ್ತು. ಕಾರ್ಡನ್ನು ನೆಲದ ಮೇಲೆ ಇಟ್ಟು, "ಪರೀಕ್ಷಾ ಬರದ ಬಿಡ್ಲಿ," ಅಂದ.

"ಬರೀಲಿ, ಯಾರ ಬ್ಯಾಡಂದ್ರು?" ಅಂದಳು ಅತ್ತೆ. "ಯುಗಾದಿ ಆದ ಕೂಡ್ಲೆ ಲಗ್ನ."

ರೇಷ್ಮಾ ಬಾಗಿಲಲ್ಲೇ ನಿಂತಿದ್ದಳು. ಬಿಲ್ಲೆಯ ಮೇಲೆ ಕೈ ಮುಚ್ಚಿಕೊಂಡಿದ್ದಳು. ಅಕ್ಕ ಬಂದು ಬೈಯುತ್ತಾಳೆ, ಹೊಡೆಯುತ್ತಾಳೆ ಅಂತ ಕಾದಳು. ಮಹೇಶ್ವರಿ ಹತ್ತಿರ ಬಂದು ಇಷ್ಟೇ ಕೇಳಿದಳು, "ಆ ಫೋಟೋನ ಯಾಕ ಕೊಟ್ಟಿ? ಅದರಾಗ ನಾ ಚಲೋ ಕಾಣಂಗಿಲ್ಲ."

ಹೊಡೆದಿದ್ದರೆ ಒಳ್ಳೆಯದಿತ್ತು.

ಗಣರಾಜ್ಯೋತ್ಸವದ ರಜೆ ಕಳೆದ ಮರುದಿನವೇ ರೇಷ್ಮಾ ಅಕ್ಕನ ಬಸ್ಸನ್ನೇ ಹತ್ತಿ, ಅಕ್ಕನಿಗೆ ಕಾಣದಂತೆ ಹಿಂದೆ ನಿಂತು ನರಗುಂದಕ್ಕೆ ಹೋದಳು. ವೇದಿಕೆಯ ಆಫೀಸಿನಲ್ಲಿ ಅನಿಲಕುಮಾರ ಫೋನಿನಲ್ಲಿ ಮಾತಾಡುತ್ತಿದ್ದ. ಮುಗಿಯುವ ತನಕ ನಿಂತಳು.

"ಅಣ್ಣಾರ, ನಮ್ಮಕ್ಕನ ಹೆಸರ ತಗೀರಿ. ಆಕಿಗೆ ಹದಿನೇಳು. ಸಹಿ ನಾ ಮಾಡೇನಿ."

ಅನಿಲಕುಮಾರನ ಮುಖ ಸಪ್ಪಗಾಯಿತು. ಬಾಗಿಲ ಕಡೆ ನೋಡಿ ದನಿ ಇಳಿಸಿದ. "ಹಂಗೆಲ್ಲ ಹೊರಗ ಹೇಳಬಾರದು ತಂಗೀ. ನೂರಾ ಒಂದಂತ ಮ್ಯಾಲಿನವ್ರಿಗೆ ವರದಿ ಹೋಗೇತಿ. ದಾಖಲೆ ಮ್ಯಾಲ ಹದಿನೆಂಟ ಐತಿಲ್ಲೋ? ಮುಗೀತು."

"ಅಕ್ಕನ ಲಗ್ನಾ ಮಾಡಾಕತ್ತಾರ್ರಿ. ನೀವು ಬಂದು ಅಪ್ಪಗ ಹೇಳ್ರಿ. ನಿಮ್ಮ ಮಾತ ಕೇಳ್ತಾನ. ದಿಲ್ಲೀನ ನಿಮ್ಮ ಮಾತ ಕೇಳ್ತೈತಿ ಅಂದ್ರಲಾ."

ಅವನು ಪೆನ್ನಿಗೆ ಮುಚ್ಚಳ ಹಾಕಿದ. "ಮನಿ ವಿಷಯದಾಗ ನಾವು ತಲಿ ಹಾಕಂಗಿಲ್ಲವಾ. ನಮ್ಮದು ದೇಶದ ಕೆಲಸ."

ಗೋಡೆಯ ಮೇಲೆ ಸಂಸತ್ ಭವನದ ಚಿತ್ರವಿತ್ತು. ಕಂಬಗಳನ್ನು ಎಣಿಸಬಹುದಿತ್ತು. ರೇಷ್ಮಾ ಎಣಿಸಲಿಲ್ಲ.

ಯುಗಾದಿ ಬಂತು. ಲಗ್ನವಾಯಿತು. ಜೀವಶಾಸ್ತ್ರದ ಪುಸ್ತಕ ಟ್ರಂಕಿನಲ್ಲಿ ಉಳಿಯಿತು. ಫಲಿತಾಂಶ ಬಂದಾಗ ಮಹೇಶ್ವರಿ ಫಸ್ಟ್ ಕ್ಲಾಸ್. ಅವ್ವ ಫೋನ್ ಮಾಡಿ ಹೇಳಿದಳು. ಆ ಕಡೆಯಿಂದ ಮಹೇಶ್ವರಿ, "ಹೌದ? ಚಲೋ ಆತು," ಅಂದಳಂತೆ. ಜೂನ್‌ನಲ್ಲಿ ಅಂಚೆಯಲ್ಲಿ ಓಟಿನ ಕಾರ್ಡ್ ಬಂತು. ಅದನ್ನು ಗಜೇಂದ್ರಗಡಕ್ಕೆ ಕಳಿಸಿದರು.

ದಿಲ್ಲಿಯ ಮಾತನ್ನು ಸಿದ್ದಾರೂಢ ಆಗಾಗ ಕೇಳುತ್ತಿದ್ದ. 'ಮುಂದಿನ ತಿಂಗಳು' ಅಂತ ವೇದಿಕೆಯವರು ಹೇಳುತ್ತಿದ್ದರು. ಆಮೇಲೆ ಸಿದ್ದಾರೂಢನೂ ಕೇಳುವುದನ್ನು ಬಿಟ್ಟ.

ಎಳ್ಳಮಾಸಿ ಬಂತು. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟಿತು. ಹಿಂದಿನ ದಿನವೇ ಮಹೇಶ್ವರಿ ಗಜೇಂದ್ರಗಡದಿಂದ ಬಂದಿದ್ದಳು. ಕೈತುಂಬ ಹಸಿರು ಬಳೆ. ಮಾತು ಕಡಿಮೆ.

ಹೊಲದಲ್ಲಿ ಅವ್ವ ಸಜ್ಜೆ ರೊಟ್ಟಿ, ಪುಂಡಿಪಲ್ಯೆ, ಕಡುಬು ಎಲ್ಲ ಕಲೆಸಿ ಚರಗ ಮಾಡಿದಳು. ಭೂಮಿತಾಯಿಗೆ ಉಣ್ಣಿಸಬೇಕಲ್ಲ, ಅಪ್ಪ ಅದನ್ನು ಹಿಡಿದು ಜೋಳದ ಸಾಲುಗಳ ಗುಂಟ ಚೆಲ್ಲುತ್ತ ಹೋದ. ಅಕ್ಕತಂಗಿಯರು ಮೇವಿನ ಬಣವೆಯ ನೆರಳಿಗೆ ಬಂದರು.

ಮಳೆಗೆ ನೆನೆಯಬಾರದೆಂದು ಅಪ್ಪ ಬಣವೆಗೆ ಒಂದು ಫ್ಲೆಕ್ಸ್ ಹೊದಿಸಿದ್ದ. ರೇಷ್ಮಾ ತಲೆ ಎತ್ತಿದಾಗ ಗುರುತು ಸಿಕ್ಕಿತು. ಬಸ್ ಸ್ಟ್ಯಾಂಡಿನದೇ. 'ಬರೆಯುವ ಕೈಗಳು' ಅನ್ನುವ ಅಕ್ಷರಗಳು ಬಣವೆಯ ತುದಿಯಲ್ಲಿ ಮಡಿಚಿಕೊಂಡಿದ್ದವು. ಬಿಸಿಲಿಗೆ ಮುಖಗಳೆಲ್ಲ ಬೆಳ್ಳಗಾಗಿದ್ದವು. ಅಕ್ಕನ ಮೂಗು, ಬಾಯಿ ಕಾಣುತ್ತಿರಲಿಲ್ಲ. ಕೆಳಗಿನ ಅಂಕಿ ಮಾತ್ರ ಅಳಿದಿರಲಿಲ್ಲ. 18.

ರೇಷ್ಮಾ ಮನಸ್ಸಿನಲ್ಲೇ ಎಣಿಸಿದಳು. ಎರಡು ಸಲ ಎಣಿಸಿದಳು. ಇವತ್ತು ಆ ಅಂಕಿ ಸುಳ್ಳಲ್ಲ.

"ದಿಲ್ಲಿಗೆ ಕರಕೊಂಡ ಹೋದ್ರೇನ?" ಮಹೇಶ್ವರಿ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಇಲ್ಲ."

"ಹೋದಾಗ ಫೋಟೋ ತಕ್ಕೊಂಡ ಬಾ. ನನಗೂ ತೋರಸು."

ಹೋಗಿ ಬಂದ ಹಾಗೆ ಹೇಳಲು ರೇಷ್ಮಾಳ ಬಳಿ ಸಾವಿರ ಕಂಬಗಳಿದ್ದವು. ಒಂದೂ ಬಾಯಿಗೆ ಬರಲಿಲ್ಲ.

ಮಹೇಶ್ವರಿ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು, ದೊಡ್ಡ ತುಂಡನ್ನು ತಂಗಿಗೆ ಕೊಟ್ಟಳು. ತನ್ನ ತುಂಡನ್ನು ಬಾಯಿಗಿಡುತ್ತ, "ಮ್ಯಾಲ ಏನ ನೋಡಾಕತ್ತಿದ್ದಿ?" ಅಂತ ಬಣವೆಯ ಕಡೆ ತಿರುಗಲು ಹೋದಳು.

"ಏನಿಲ್ಲಕ್ಕಾ. ನೀ ಉಣ್ಣು," ಅಂದಳು ರೇಷ್ಮಾ.

ಅವಳು ಲಗುಬಗೆಯಿಂದ ಬಣವೆಗೆ ಆತು ನಿಂತಳು. ಬೆನ್ನನ್ನು ಸರಿಯಾಗಿ ಆ ಅಂಕಿಯ ಮೇಲೆ ಇಟ್ಟಳು. ಅಕ್ಕನ ಊಟ ಮುಗಿಯುವ ತನಕ ಅಲ್ಲಿಂದ ಕದಲಲಿಲ್ಲ.